2011ರ ಐಮ್ಯಾಕ್‌ಗೆ ಎಸ್‌ಎಸ್‌ಡಿ ಕೂರಿಸುವುದು ಹೇಗೆ?

ಗಾಜು ಮುಚ್ಚಿ ಸ್ವಿಚ್ ಒತ್ತಿದ ಐದೇ ನಿಮಿಷಕ್ಕೆ ಫ್ಯಾನು ಮಿಕ್ಸಿಯ ಹಾಗೆ ಕಿರುಚತೊಡಗುತ್ತದೆ. ಇಲ್ಲವೇ ಡಂಯ್ ಎಂಬ ಸದ್ದು ಬರುತ್ತದೆ, ಪರದೆ ಮಾತ್ರ ಕತ್ತಲಾಗಿಯೇ ಉಳಿಯುತ್ತದೆ. 2011ರ ಐಮ್ಯಾಕ್ (ಆಪಲ್‌ನ ಮೇಜಿನ ಕಂಪ್ಯೂಟರ್) ಬಿಚ್ಚಿ, ಹಾರ್ಡ್‌ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿದವರಲ್ಲಿ ಹೆಚ್ಚಿನವರ ದೂರು ಈ ಎರಡರಲ್ಲಿ ಒಂದು. ಹೊಸ ಡಿಸ್ಕಿನದು ತಪ್ಪಲ್ಲ. ಮೊದಲನೆಯದಕ್ಕೆ ಬಹುಪಾಲು ಕಾರಣ ಶಾಖ ಅಳೆಯುವ ಸೆನ್ಸರ್, ಎರಡನೆಯದಕ್ಕೆ ಪರದೆ ಎತ್ತುವಾಗ ಮಾಡಿದ ಅವಸರ. ಅವೆರಡನ್ನೇ ಇಲ್ಲಿ ವಿವರವಾಗಿ ಹೇಳಿದೆ, ಉಳಿದದ್ದು ಸುಲಭ.

ನಿಮ್ಮದು ಅದೇ ಯಂತ್ರವೇ?

ಬಲ ಅಂಚಿನಲ್ಲಿ ಡಿವಿಡಿ ತೂರಿಸುವ ಸೀಳು, ಹಿಂಭಾಗದಲ್ಲಿ ಥಂಡರ್‌ಬೋಲ್ಟ್ ಕಿಂಡಿ ಇದ್ದರೆ ಅದು 2011ರ ಮಾದರಿ. ‘ಅಬೌಟ್ ದಿಸ್ ಮ್ಯಾಕ್’ನಲ್ಲಿ ಸಿಸ್ಟಂ ರಿಪೋರ್ಟ್ ತೆರೆದರೆ 21.5 ಇಂಚಿನದಕ್ಕೆ ಐಮ್ಯಾಕ್ 12,1 ಎಂದೂ 27 ಇಂಚಿನದಕ್ಕೆ 12,2 ಎಂದೂ ಬರೆದಿರುತ್ತದೆ. 2012ರ ಕೊನೆಗೆ ಬಂದ ತೆಳು ಅಂಚಿನ ಐಮ್ಯಾಕ್‌ಗಳಲ್ಲಿ ಗಾಜನ್ನು ಅಂಟುಪಟ್ಟಿಯಿಂದ ಅಂಟಿಸಿದ್ದಾರೆ. ಅವಕ್ಕೆ ಈ ಕ್ರಮ ನಡೆಯದು, ಕಪ್ ಹಚ್ಚಿ ಎಳೆದರೆ ಗಾಜು ಸೀಳುತ್ತದೆ.

ಹಣ ಹಾಕುವ ಮೊದಲು ಪರದೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಬಣ್ಣದ ಉದ್ದಗೆರೆ ಮೂಡುವುದು, ಆನ್ ಆಗುವಾಗ ಅರ್ಧದಲ್ಲೇ ಬಿಳಿ ಪರದೆಗೆ ನಿಂತುಬಿಡುವುದು, ಆಟ ಅಥವಾ ವಿಡಿಯೊ ಹಚ್ಚಿದ ಕೂಡಲೇ ಕಪ್ಪಾಗುವುದು ಗ್ರಾಫಿಕ್ಸ್ ಕಾರ್ಡ್ ಸೋಲುತ್ತಿರುವ ಲಕ್ಷಣ. 27 ಇಂಚಿನ ಕೆಲವು ಮಾದರಿಗಳಲ್ಲಿದ್ದ ಎಎಂಡಿ 6970ಎಂ ಕಾರ್ಡಿನಲ್ಲಿ ಈ ದೋಷ ಎಷ್ಟು ಕಂಡುಬಂತೆಂದರೆ 2013ರಲ್ಲಿ ಆಪಲ್ ಉಚಿತವಾಗಿ ಬದಲಿಸಿಕೊಡುವ ಯೋಜನೆಯನ್ನೇ ತಂದಿತು. ಕಾಲ ಮೀರಿ ಅದು ಮುಗಿದಿದೆ. ಕಾರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿಹೋಗುತ್ತದೆಂಬ ಸಲಹೆಯನ್ನು ನಂಬಬೇಡಿ. ಕೆಲವು ವಾರ ಓಡಿ ಮತ್ತೆ ಸಾಯುತ್ತದೆ, ಅಡುಗೆಯ ಓವನ್ ತುಂಬ ವಿಷದ ಹೊಗೆ ಉಳಿಯುತ್ತದೆ. ಇಂಥ ಯಂತ್ರಕ್ಕೆ ಎಸ್‌ಎಸ್‌ಡಿ ದಂಡ.

ಏನೇನು ಬೇಕು

2.5 ಇಂಚಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಒಂದು ಬಗೆ) ಎಸ್‌ಎಸ್‌ಡಿ, ಅದನ್ನು 3.5 ಇಂಚಿನ ಜಾಗಕ್ಕೆ ಕೂರಿಸುವ ಲೋಹದ ಚೌಕಟ್ಟು, ಟಿ10 ಮತ್ತು ಟಿ8 ಟಾರ್ಕ್ಸ್ ಸ್ಕ್ರೂಡ್ರೈವರ್, ಚಿಕ್ಕ ಫಿಲಿಪ್ಸ್ ಸ್ಕ್ರೂಡ್ರೈವರ್, ಎರಡು ಸಕ್ಷನ್ ಕಪ್, ಪ್ಲಾಸ್ಟಿಕ್ ಕಡ್ಡಿ, ದಪ್ಪ ಟವೆಲ್ಲು, ಹೊಸ ಮೈಕ್ರೋಫೈಬರ್ ಬಟ್ಟೆ ಎರಡು. ಟಾರ್ಕ್ಸ್ ಡ್ರೈವರಿನ ಉದ್ದ ಕನಿಷ್ಠ 8 ಸೆಂ.ಮೀ. ಇರಲಿ, ಮೂತಿಯಲ್ಲಿ ಅಯಸ್ಕಾಂತ ಇರಲೇಬೇಕು. ಯಾಕೆಂದು ಮುಂದೆ ಗೊತ್ತಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುತ್ತವೆ. ಹೆಸರೇ ಇಲ್ಲದ ಅಗ್ಗದ ಎಸ್‌ಎಸ್‌ಡಿ ಮಾತ್ರ ತರಬೇಡಿ. ಬಿಚ್ಚಿ ಮುಚ್ಚುವ ಶ್ರಮ ಇಷ್ಟಿರುವಾಗ ವರ್ಷದೊಳಗೆ ಕೈಕೊಡುವ ಡಿಸ್ಕ್ ಹಾಕುವುದರಲ್ಲಿ ಅರ್ಥವಿಲ್ಲ.

ಬಿಚ್ಚುವ ರಗಳೆಯೇ ಬೇಡ, ಯುಎಸ್‌ಬಿಗೆ ಹೊರಗಿನಿಂದ ಎಸ್‌ಎಸ್‌ಡಿ ಸಿಕ್ಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಇದರಲ್ಲಿರುವ ನಾಲ್ಕೂ ಕಿಂಡಿ ಯುಎಸ್‌ಬಿ 2.0. ಸೆಕೆಂಡಿಗೆ 35–40 ಎಂಬಿ ದಾಟುವುದಿಲ್ಲ. ಇನ್ನೊಂದು ಕಿಂಡಿ ಫೈರ್‌ವೈರ್ 800ರ ವೇಗ ಅದರ ಎರಡು ಪಟ್ಟು, ಅಷ್ಟೆ. ಒಳಗಿನ ಸಾಟಾ ದಾರಿ 6 ಗಿಗಾಬಿಟ್‌ನದು, ಎಸ್‌ಎಸ್‌ಡಿಯ ಪೂರ್ತಿ ವೇಗ ಅಲ್ಲಿ ಸಿಗುತ್ತದೆ.

ಮೊದಲು ರ‍್ಯಾಮ್

ಇದಕ್ಕೆ ಗಾಜು ಬಿಚ್ಚಬೇಕಿಲ್ಲ. ಕೆಳ ಅಂಚಿನಲ್ಲಿ ಮೂರು ಫಿಲಿಪ್ಸ್ ಸ್ಕ್ರೂ ಸಡಿಲಿಸಿದರೆ ಮುಚ್ಚಳ ಕೈಗೆ ಬರುತ್ತದೆ, ಒಳಗೆ ನಾಲ್ಕು ಸ್ಲಾಟ್. ಬೇಕಾದದ್ದು ಲ್ಯಾಪ್‌ಟಾಪಿನ 204 ಪಿನ್ನಿನ ಡಿಡಿಆರ್3, 1333 ಮೆಗಾಹರ್ಟ್ಸ್. ಆಪಲ್ ಹೇಳಿದ್ದು 16 ಜಿಬಿ, 8 ಜಿಬಿಯ ನಾಲ್ಕು ಹಾಕಿದರೆ 32ಕ್ಕೂ ಒಪ್ಪುತ್ತದೆ. ಬರೀ ದಾಖಲೆ, ಫೋಟೊ ಕೆಲಸಕ್ಕೆ 16 ಧಾರಾಳ. ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಐದೈದು ಸೆಕೆಂಡಿಗೆ ಒಂದು ಬೀಪ್ ಕೇಳಿದರೆ ರ‍್ಯಾಮ್ ಕೂತಿಲ್ಲ, ಮೂರು ಬೀಪ್ ಆಗಿ ಐದು ಸೆಕೆಂಡ್ ಸುಮ್ಮನಿದ್ದರೆ ರ‍್ಯಾಮ್ ಕೆಟ್ಟದ್ದು. ಈ ಕೆಲಸ ಮೊದಲು ಮುಗಿಸಿ ಒಂದು ದಿನ ಓಡಿಸಿ ನೋಡಿ. ರ‍್ಯಾಮ್, ಡಿಸ್ಕ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಎಲ್ಲಿಯದೆಂದು ಹುಡುಕುವುದು ಕಷ್ಟ.

ಗಾಜು

ವೈರು ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಟವೆಲ್ಲಿನ ಮೇಲೆ ಬೆನ್ನಡಿಯಾಗಿ, ಕಾಲು ನಿಮ್ಮ ಕಡೆ ಬರುವಂತೆ ಮಲಗಿಸಿ. ಮೇಲಿನ ಎರಡು ಮೂಲೆಗೆ ಕಪ್ ಹಚ್ಚಿ, ಮೇಲಂಚನ್ನು ನೇರವಾಗಿ ಎತ್ತಿ. ಗಾಜನ್ನು ಹಿಡಿದಿರುವುದು ಅಯಸ್ಕಾಂತ ಮಾತ್ರ. ಮೇಲಂಚಿನ ಅಡಿಯಲ್ಲಿರುವ ಉಕ್ಕಿನ ಮೊಳೆಗಳು ತೂತಿನಿಂದ ಪೂರ್ತಿ ಹೊರಬಂದ ಮೇಲೆ ಕೆಳಗಿನ ಅಂಚನ್ನೂ ಬಿಡಿಸಿ. ಒಳಮೈ ಮೇಲಾಗಿ ಟವೆಲ್ಲಿನ ಮೇಲಿಟ್ಟು ಇನ್ನೊಂದು ಬಟ್ಟೆ ಹೊದಿಸಿ. ಒಳಮೈಗೆ ಬೆರಳು ತಾಗಿಸಲೇಬೇಡಿ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿಯೇ ಈ ಕೆಲಸಕ್ಕೆ ಕೂರಿ.

ಪರದೆ: ಇಲ್ಲೇ ಎಲ್ಲರೂ ಎಡವುವುದು

ಪರದೆಯ ಎರಡು ಬದಿಯಲ್ಲಿ ಒಟ್ಟು ಎಂಟು ಟಿ10 ಸ್ಕ್ರೂ. ಬಿಚ್ಚಿದ ಪ್ರತಿ ಸ್ಕ್ರೂ ಪಕ್ಕದ ಅಯಸ್ಕಾಂತಕ್ಕೆ ಹಾರಿ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಚೌಕಟ್ಟಿನ ಸಂದಿಗೇ ಜಾರುತ್ತದೆ. ಡ್ರೈವರಿನ ಮೂತಿಯಲ್ಲಿ ಅಯಸ್ಕಾಂತ ಬೇಕೆಂದದ್ದು ಇದಕ್ಕೇ. ಎಂಟನ್ನೂ ಎಣಿಸಿ ಬಟ್ಟಲಿಗೆ ಹಾಕಿ. ಏಳೇ ಇದ್ದರೆ ಎಂಟನೆಯದು ಸಿಗುವವರೆಗೆ ಮುಂದೆ ಹೋಗಬೇಡಿ. ಒಳಗೆ ಬಿದ್ದ ಒಂದು ಸ್ಕ್ರೂ ಪವರ್ ಸಪ್ಲೈ ಬೋರ್ಡನ್ನೇ ಸುಟ್ಟೀತು.

ಸ್ಕ್ರೂ ಎಲ್ಲ ಹೋದ ಮೇಲೂ ಪರದೆ ಅಲ್ಲಾಡುವುದಿಲ್ಲ, ಅಷ್ಟು ಬಿಗಿಯಾಗಿ ಕೂತಿರುತ್ತದೆ. ಮೇಲಂಚಿನ ಲೋಹದ ಕಿವಿಗೆ ಬಗ್ಗಿಸಿದ ತಂತಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಮೇಲೆಳೆಯಿರಿ. ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪರದೆಯ ಅಂಚು ಒಡೆಯುತ್ತದೆ, ಆ ಬಿರುಕಿಗೆ ಮದ್ದಿಲ್ಲ. ಮೇಲಂಚು ನಾಲ್ಕು ಬೆರಳಷ್ಟು ಎದ್ದರೆ ಸಾಕು, ಅಲ್ಲೇ ನಿಲ್ಲಿಸಿ. ಒಮ್ಮೆಲೇ ಎತ್ತಿದರೆ ಕೇಬಲ್ ಕಿತ್ತುಬರುತ್ತದೆ. ಜೊತೆಗೊಬ್ಬರು ಪರದೆಯನ್ನು ಹಿಡಿದುಕೊಳ್ಳಲಿ, ಒಬ್ಬರೇ ಮಾಡುವ ಕೆಲಸ ಇದಲ್ಲ.

ಈಗ ಟಾರ್ಚ್ ಹಾಕಿ ಒಳಗೆ ನೋಡಿ. 27 ಇಂಚಿನದರಲ್ಲಿ ನಾಲ್ಕು ಕೇಬಲ್ ಇವೆ, ಬಿಡಿಸುವುದೂ ಈ ಕ್ರಮದಲ್ಲೇ. ಮೊದಲನೆಯದು ಎಡಗಡೆ ಮೇಲುಮೂಲೆಯ ಬಳಿ, ಎಲ್‌ಇಡಿ ಡ್ರೈವರ್ ಬೋರ್ಡಿಗೆ ಹೋಗುವ ವಿ-ಸಿಂಕ್ ಎಂಬ ಚಪ್ಪಟೆ ಪಟ್ಟಿ. ಕಾಗದದಷ್ಟು ತೆಳು, ಅತಿ ಹೆಚ್ಚು ಹರಿದುಹೋಗುವುದು ಇದೇ. ಪಟ್ಟಿಯನ್ನು ಎಳೆಯಬೇಡಿ, ಪ್ಲಾಸ್ಟಿಕ್ ಕಡ್ಡಿಯಿಂದ ಅದರ ಮೂತಿಯನ್ನು ಒಂದು ಬದಿ, ಇನ್ನೊಂದು ಬದಿ ಎಂದು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೊರತನ್ನಿ. ಎರಡನೆಯದು ಅದೇ ಬೋರ್ಡಿನಲ್ಲಿರುವ ಬ್ಯಾಕ್‌ಲೈಟ್ ವಿದ್ಯುತ್ ಕೇಬಲ್. ಅದಕ್ಕೆ ಪರದೆಯನ್ನು ಇನ್ನೂ ಸ್ವಲ್ಪ ಎತ್ತಬೇಕಾಗುತ್ತದೆ. ಮೂರನೆಯದು ಲಾಜಿಕ್ ಬೋರ್ಡಿಗೆ (ಮುಖ್ಯ ಬೋರ್ಡು) ಸೇರುವ ಚಿತ್ರದ ಕೇಬಲ್. ಎರಡು ಬದಿಯ ತೋಳನ್ನು ಒಟ್ಟಿಗೆ ಹಿಸುಕಿದರೆ ಮಾತ್ರ ಬಿಡುತ್ತದೆ, ಹಿಸುಕದೆ ಎಳೆದವರು ಬೋರ್ಡಿನ ಸಾಕೆಟ್ಟನ್ನೇ ಕಿತ್ತಿದ್ದಾರೆ. ನಾಲ್ಕನೆಯದು ಎರಡೇ ಎಳೆಯ ಪುಟ್ಟ ವೈರು, ಪರದೆಯ ಶಾಖ ತಿಳಿಸುವ ಸೆನ್ಸರಿನದು. ನೋಡಲು ಏನೂ ಅಲ್ಲದಂತಿರುವ ಇದನ್ನು ವಾಪಸ್ ಸಿಕ್ಕಿಸಲು ಮರೆತರೆ ಫ್ಯಾನು ಪೂರ್ತಿ ವೇಗದಲ್ಲಿ ಸುತ್ತುತ್ತಲೇ ಇರುತ್ತದೆ. ಒಂದೊಂದನ್ನು ಬಿಡಿಸುವ ಮೊದಲೂ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದಿಡಿ. 21.5 ಇಂಚಿನದರಲ್ಲಿ ಕನೆಕ್ಟರುಗಳ ಜಾಗ ಬೇರೆ, ಅಲ್ಲಿ ಈ ಫೋಟೊಗಳೇ ನಿಮಗೆ ದಾರಿ.

ಎರಡು ಕೇಬಲ್ ಮಾತ್ರ ಬಿಡಿಸಿ, ಪರದೆಗೆ ಏನಾದರೂ ಊರೆ ಕೊಟ್ಟು ಕೆಳಗೆ ಕೈ ತೂರಿಸಿ ಡಿಸ್ಕ್ ಬದಲಿಸುವ ಅಡ್ಡದಾರಿಯೊಂದು ಚಾಲ್ತಿಯಲ್ಲಿದೆ. ಊರೆ ಜಾರಿದರೆ ಪರದೆಯೂ ಹೋಯಿತು, ಸಾಕೆಟ್ಟೂ ಹೋಯಿತು. ನಾಲ್ಕನ್ನೂ ಬಿಡಿಸಿ, ಪರದೆಯನ್ನು ಪೂರ್ತಿ ಹೊರಗಿಡಿ.

ಡಿಸ್ಕ್ ಮತ್ತು ಆ ಸೆನ್ಸರು

ಡಿಸ್ಕಿನ ಮೇಲಂಚಿನ ಪಟ್ಟಿಗೆ ಎರಡು ಟಿ10 ಸ್ಕ್ರೂ. ಬಿಚ್ಚಿ ಮೇಲಂಚನ್ನು ನಿಮ್ಮ ಕಡೆ ವಾಲಿಸಿ ಎತ್ತಿದರೆ ಕೆಳಗಿನ ರಬ್ಬರಿನಿಂದ ಮೊಳೆ ಬಿಡುತ್ತದೆ, ಆಮೇಲೆ ಎರಡು ಕೇಬಲ್ ಕಳಚಿ. ಪವರ್ ಸಪ್ಲೈ ಬೋರ್ಡು ತೆರೆದೇ ಇರುತ್ತದೆ, ವೈರು ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಆ ಕಡೆ ಕೈ ಹಾಕಬೇಡಿ.

ಈ ಮಾದರಿಯ ನಿಜವಾದ ತೊಡಕು ಇಲ್ಲಿದೆ. 2009, 2010ರ ಐಮ್ಯಾಕ್‌ಗಳಲ್ಲಿ ಡಿಸ್ಕಿನ ಶಾಖ ತಿಳಿಯಲು ಬೇರೆಯೇ ವೈರು ಇತ್ತು. 2011ರಲ್ಲಿ ಆಪಲ್ ಅದನ್ನು ತೆಗೆದು, ಪವರ್ ಕೇಬಲಿನಲ್ಲೇ ಹೆಚ್ಚುವರಿ ಎಳೆ ಸೇರಿಸಿ ಏಳೆಳೆ ಮಾಡಿತು. ಆಪಲ್ ಫರ್ಮ್‌ವೇರ್ (ಡಿಸ್ಕಿನೊಳಗೇ ಇರುವ ತಂತ್ರಾಂಶ) ಇರುವ ಡಿಸ್ಕ್ ಮಾತ್ರ ಆ ದಾರಿಯಲ್ಲಿ ಶಾಖ ಎಷ್ಟೆಂದು ಹೇಳುತ್ತದೆ. ಅಂಗಡಿಯಿಂದ ತಂದ ಯಾವ ಡಿಸ್ಕೂ ಹೇಳುವುದಿಲ್ಲ. ಉತ್ತರ ಬಾರದಿದ್ದಾಗ ಯಂತ್ರ ಅಪಾಯವೆಂದೇ ತಿಳಿದು ಹಾರ್ಡ್‌ಡಿಸ್ಕ್ ಫ್ಯಾನನ್ನು ಕೊನೆಯ ಮಟ್ಟಕ್ಕೆ ಏರಿಸುತ್ತದೆ.

ಒಳ್ಳೆಯ ಪರಿಹಾರ ಸೆನ್ಸರ್ ಇರುವ ಜೋಡಣೆ ಕೇಬಲ್. 2011ಕ್ಕೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ, 2010ರದು ಇದಕ್ಕೆ ಆಗದು. ಡಿಸ್ಕ್ ಮತ್ತು ಹಳೆಯ ಪವರ್ ಕೇಬಲಿನ ನಡುವೆ ಸಿಕ್ಕಿಸಿ, ಸೆನ್ಸರಿನ ತುದಿಯನ್ನು ಎಸ್‌ಎಸ್‌ಡಿಯ ಲೋಹದ ಮೈಗೆ ಅಂಟಿಸಿ. ಅದು ಸಿಗದಿದ್ದರೆ ಎರಡನೆಯ ದಾರಿ ಮ್ಯಾಕ್ಸ್ ಫ್ಯಾನ್ ಕಂಟ್ರೋಲ್‌ನಂಥ ತಂತ್ರಾಂಶ. ಹಾರ್ಡ್‌ಡಿಸ್ಕ್ ಫ್ಯಾನನ್ನು 1,100 ಸುತ್ತಿನ ಆಸುಪಾಸಿಗೆ ನಿಲ್ಲಿಸಬಹುದು. ಆದರೆ ಮ್ಯಾಕ್‌ಒಎಸ್ ಪೂರ್ತಿ ತೆರೆಯುವವರೆಗೆ ಸದ್ದು ಇದ್ದೇ ಇರುತ್ತದೆ. ಕನೆಕ್ಟರಿನ ಎರಡು ಪಿನ್ನನ್ನು ತಂತಿಯಿಂದ ಸೇರಿಸಿಬಿಡುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಫ್ಯಾನು ಸುಮ್ಮನಾಗುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಒಳಗೆ ಎಷ್ಟೇ ಕಾದರೂ ಅದು ಏರುವುದೇ ಇಲ್ಲ.

ಹಳೆಯ ಡಿಸ್ಕ್ ಚೆನ್ನಾಗಿದ್ದರೆ ಮೂರನೆಯ ದಾರಿಯೂ ಇದೆ. ಅದನ್ನು ಮುಟ್ಟದೆ, ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ 12.7 ಮಿ.ಮೀ. ಸಾಟಾ ಕ್ಯಾಡಿಯಲ್ಲಿ (ಡಿವಿಡಿ ಡ್ರೈವಿನ ಅಳತೆಯ ಚೌಕಟ್ಟು) ಎಸ್‌ಎಸ್‌ಡಿ ಕೂರಿಸುವುದು. ಡಿವಿಡಿ ಡ್ರೈವಿನ ಮೈಗೆ ಸೆನ್ಸರ್ ಅಂಟಿಸಿದ್ದರೆ ಅದನ್ನೂ ಕ್ಯಾಡಿಗೆ ವರ್ಗಾಯಿಸಿ. ಇಲ್ಲಿ ಫ್ಯಾನಿನ ತಂಟೆಯೇ ಇಲ್ಲ, ವೇಗ ಮಾತ್ರ 3 ಗಿಗಾಬಿಟ್‌ಗೆ ಸೀಮಿತ.

ಮುಚ್ಚುವ ಮೊದಲು

ಹಿಂದಿನದರ ತಿರುಗುಕ್ರಮ: ಸೆನ್ಸರ್ ವೈರು, ಚಿತ್ರದ ಕೇಬಲ್, ಬ್ಯಾಕ್‌ಲೈಟ್, ಕೊನೆಗೆ ವಿ-ಸಿಂಕ್. ಪರದೆ ಕೂರಿಸಿ ಸ್ಕ್ರೂ ಹಾಕಿ, ಗಾಜು ಇನ್ನೂ ಬೇಡ. ಯಂತ್ರ ನಿಲ್ಲಿಸಿ ಆನ್ ಮಾಡಿ ಹದಿನೈದು ನಿಮಿಷ ಬಿಡಿ. ಪರದೆ ಕತ್ತಲಾಗಿದ್ದರೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ಅಥವಾ ವಿ-ಸಿಂಕ್ ಸರಿಯಾಗಿ ಕೂತಿಲ್ಲ, ಏನೂ ಕಾಣದಿದ್ದರೆ ಚಿತ್ರದ ಕೇಬಲ್ ನೋಡಿ. ಎಲ್ಲ ಸರಿಯಿದ್ದೂ ಫ್ಯಾನು ಕೂಗಿದರೆ ವೈರು ಕಿತ್ತು 15 ಸೆಕೆಂಡ್ ಬಿಟ್ಟು, ಮತ್ತೆ ಸಿಕ್ಕಿಸಿ ಐದು ಸೆಕೆಂಡಾದ ಮೇಲೆ ಆನ್ ಮಾಡಿ. ಪರದೆಯ ಧೂಳನ್ನು ರಬ್ಬರ್ ಬ್ಲೋವರಿನಿಂದ ಊದಿ, ಒಣ ಬಟ್ಟೆಯಲ್ಲಿ ಮೃದುವಾಗಿ ಒರೆಸಿ. ಕಾಲಿನ್‌ನಂಥ ದ್ರವ ಪರದೆಗೆ ಖಂಡಿತ ಬೇಡ. ಗಾಜು ಮುಚ್ಚುವಾಗ ದೀಪಕ್ಕೆ ಹಿಡಿದು ಒಳಮೈ ನೋಡಿ, ಉಳಿದ ಒಂದು ಕೂದಲೂ ಆಮೇಲೆ ದಿನವೂ ಕಣ್ಣಿಗೆ ಚುಚ್ಚುತ್ತದೆ.

ಸಿಸ್ಟಂ ಹಾಕುವುದು

ಈ ಯಂತ್ರಕ್ಕೆ ಆಪಲ್ ಕೊಟ್ಟ ಕೊನೆಯ ಸಿಸ್ಟಂ ಹೈ ಸಿಯೆರಾ. ಬಿಚ್ಚುವ ಮೊದಲೇ 16 ಜಿಬಿಯ ಪೆನ್‌ಡ್ರೈವಿನಲ್ಲಿ ಅದರ ಇನ್‌ಸ್ಟಾಲರ್ ಮಾಡಿಟ್ಟುಕೊಳ್ಳಿ, ಆಪ್ಷನ್ ಕೀ ಒತ್ತಿ ಅದರಿಂದ ಶುರು ಮಾಡಿ. ಡಿಸ್ಕ್ ಯುಟಿಲಿಟಿಯಲ್ಲಿ ಹೊಸ ಡಿಸ್ಕ್ ಕಾಣುತ್ತಿಲ್ಲವೆಂದು ಗಾಬರಿಯಾಗುವವರೇ ಹೆಚ್ಚು. ವ್ಯೂ ಮೆನುವಿನಲ್ಲಿ ‘ಶೋ ಆಲ್ ಡಿವೈಸಸ್’ ಒತ್ತಿದರೆ ಕಾಣುತ್ತದೆ. ಮೇಲಿನ ಸಾಲನ್ನೇ ಆರಿಸಿ, ಸ್ಕೀಮ್ ಜಿಯುಐಡಿ ಎಂದಿಟ್ಟು ಅಳಿಸಿ. ಇನ್‌ಸ್ಟಾಲರ್ ಪರಿಶೀಲಿಸಲಾಗದು ಎಂದು ದೂರಿದರೆ ಯಂತ್ರದ ದಿನಾಂಕ ತಪ್ಪಿರಬಹುದು, ನೋಡಿ. ಎಲ್ಲ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಟ್ರಿಮ್‌ಫೋರ್ಸ್ ಆದೇಶ ಕೊಟ್ಟು ಟ್ರಿಮ್ (ಅಳಿಸಿದ ಕಡತಗಳ ಜಾಗ ಖಾಲಿಯೆಂದು ಎಸ್‌ಎಸ್‌ಡಿಗೆ ತಿಳಿಸುವ ಸೌಲಭ್ಯ) ಚಾಲೂ ಮಾಡಿ, ಆಪಲ್‌ನದಲ್ಲದ ಎಸ್‌ಎಸ್‌ಡಿಗೆ ಅದು ತಾನಾಗಿ ಆನ್ ಆಗುವುದಿಲ್ಲ.

ಹೈ ಸಿಯೆರಾಕ್ಕೆ ಭದ್ರತೆಯ ಅಪ್‌ಡೇಟ್ ನಿಂತುಹೋಗಿದೆ. ಹೊಸ ಮ್ಯಾಕ್‌ಒಎಸ್ ಅನ್ನು ಪ್ಯಾಚರ್ (ಹಳೆಯ ಯಂತ್ರಕ್ಕೆ ಹೊಸ ಸಿಸ್ಟಂ ಒಗ್ಗಿಸುವ ತಂತ್ರಾಂಶ) ಮೂಲಕ ತುರುಕುವವರಿದ್ದಾರೆ, ಆದರೆ ಇದರ ಮೂಲ ಗ್ರಾಫಿಕ್ಸ್ ಕಾರ್ಡಿಗೆ ಆಪಲ್‌ನ ಗ್ರಾಫಿಕ್ಸ್ ತಂತ್ರವಾದ ಮೆಟಲ್‌ನ ಬೆಂಬಲವಿಲ್ಲ, ಆದ್ದರಿಂದ ಚಿತ್ರ ತಡವರಿಸುತ್ತದೆ. ಫೋಟೊ, ಪುಟವಿನ್ಯಾಸ, ಹಾಡಿನ ಕೆಲಸಕ್ಕೆ ಹೈ ಸಿಯೆರಾ ಇರಲಿ, ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ. ಇಡೀ ದಿನ ಇಂಟರ್ನೆಟ್ಟೇ ಬೇಕೆನ್ನುವವರು ಲಿನಕ್ಸ್ ಮಿಂಟ್ ಎಂಬ ಉಚಿತ ಸಿಸ್ಟಂ ಹಾಕಿಕೊಳ್ಳಲಿ.