ಐದು ಸಂಜೆಗಳ ಸೀಸನ್: ಲಂಡನ್ನಿನಲ್ಲಿ ಸಿಂಫನಿ ಕೇಳಲು ಹೊರಟವರಿಗೆ

"ಆರ್ಕೆಸ್ಟ್ರಾಕ್ಕೆ ಹೋಗಿದ್ದೆ" ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು, "ಅಲ್ಲೂ ಗಣಪತಿ ಕೂರಿಸ್ತಾರೇನೇ?" ಅಂತ. ಮೈಸೂರಿನ ನಮ್ಮ ಬೀದಿಯಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲು, ಬಣ್ಣದ ಲೈಟು, ನಡುರಾತ್ರಿವರೆಗೆ ಸಿನಿಮಾ ಹಾಡು. ನಾನು ಹೋಗಿದ್ದು ಥೇಮ್ಸ್ ದಂಡೆಯ ರಾಯಲ್ ಫೆಸ್ಟಿವಲ್ ಹಾಲಿಗೆ, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕೇಳೋಕೆ. ವೇದಿಕೆ ತುಂಬ ವಾದ್ಯದವರು. ಮೈಕಿಲ್ಲ, ಸ್ಪೀಕರ್ ಇಲ್ಲ.

ನಾನು ಲೆಕ್ಕ ಬರೆಯುವ ಕೆಲಸದವಳು, ಹೌನ್ಸ್ಲೋದಲ್ಲಿ ಮನೆ. ಮೊದಲ ಸಲ ದೊಡ್ಡ ಹೆಸರು ನೋಡಿ ಬ್ರುಕ್ನರ್ ಎಂಬಾತ ಬರೆದ ಎಂಟನೇ ಸಿಂಫನಿಗೆ ಟಿಕೆಟ್ ತಗೊಂಡೆ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಅಂತ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಒಂದೇ ಕೃತಿ, ಹತ್ತಿರ ಹತ್ತಿರ ಎಂಬತ್ತು ನಿಮಿಷ. ಮೂರನೇ ಭಾಗದಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ಈ ತಪ್ಪು ನೀವು ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿರುವುದು.

ಇಲ್ಲಿ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಬೇಸಿಗೆ ಹೊತ್ತಿಗೆ ಮುಗಿಯುತ್ತದೆ. ಮುಂದಿನ ಸೀಸನ್ನಿನ ಪಟ್ಟಿ ಅದಕ್ಕೆ ಎಷ್ಟೋ ತಿಂಗಳು ಮೊದಲೇ ಹೊರಗೆ ಬರುತ್ತದೆ. ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಫಿಲ್ಹಾರ್ಮೋನಿಯಾ, ಲಂಡನ್ ಫಿಲ್ಹಾರ್ಮೋನಿಕ್ ಎರಡೂ ಫೆಸ್ಟಿವಲ್ ಹಾಲಿನಲ್ಲೇ ನುಡಿಸುತ್ತವೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾದವರು ಬಾರ್ಬಿಕನ್ ಎಂಬ ಇನ್ನೊಂದು ಹಾಲಿನಲ್ಲಿ. ಎಲ್ಲವನ್ನೂ ಕೇಳಲು ಹೋಗಬೇಡಿ. ಒಂದು ಹಾಲ್, ಒಂದು ಆರ್ಕೆಸ್ಟ್ರಾ, ವರ್ಷಕ್ಕೆ ಐದು ಸಂಜೆ. ಅದೇ ಮುಖಗಳನ್ನು ಐದು ಸಲ ನೋಡಿದರೆ ಅವರು ನಿಮ್ಮವರಾಗುತ್ತಾರೆ. ಹಲವು ಕಛೇರಿ ಒಟ್ಟಿಗೆ ಕೊಂಡರೆ ರಿಯಾಯಿತಿ ಇದೆಯಾ ಅಂತ ಬುಕಿಂಗ್ ಮುಂಚೆ ನೋಡಿಕೊಳ್ಳಿ. ಸಾಮಾನ್ಯವಾಗಿ ಇರುತ್ತದೆ.

ಪಟ್ಟಿ ಓದುವಾಗ ಕಂಡಕ್ಟರ್, ಅಂದರೆ ಎದುರು ನಿಂತು ಕೈಸನ್ನೆಯಲ್ಲಿ ಆರ್ಕೆಸ್ಟ್ರಾ ನಡೆಸುವವರು, ಯಾರು ಅಂತ ಮೊದಲು ನೋಡಬೇಡಿ, ಕೃತಿ ಯಾವುದು ಅಂತ ನೋಡಿ. ಬಹಳಷ್ಟು ಸಂಜೆಗಳ ಅಡುಗೆ ಒಂದೇ ತರಹ. ಮೊದಲು ಹತ್ತು ನಿಮಿಷದ ಚಿಕ್ಕದೊಂದು. ಆಮೇಲೆ ಕನ್ಸರ್ಟೋ, ಅಂದರೆ ಒಬ್ಬ ಪಿಯಾನೋದವರೋ ಪಿಟೀಲಿನವರೋ ಮುಂದೆ ಬಂದು ಇಡೀ ಆರ್ಕೆಸ್ಟ್ರಾದ ಜೊತೆ ನುಡಿಸುವುದು. ಇಪ್ಪತ್ತು ನಿಮಿಷ ವಿರಾಮ. ಕೊನೆಗೆ ಸಿಂಫನಿ. ಏಳೂವರೆಗೆ ಶುರುವಾದರೆ ಒಂಬತ್ತೂವರೆಗೆಲ್ಲ ಆಚೆ.

ನಿಮ್ಮ ಮೊದಲ ಸಂಜೆಗೆ ಡ್ವೊರಾಕ್‌ನ ಒಂಬತ್ತನೇ ಸಿಂಫನಿ ಸಿಕ್ಕರೆ ಕಣ್ಣು ಮುಚ್ಚಿ ಕೊಂಡುಬಿಡಿ. 1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿಸಿದ್ದು. ಯಾಕೆ ಇದೇ ಅಂದರೆ, ಎರಡನೇ ಭಾಗದಲ್ಲಿ ಇಂಗ್ಲಿಷ್ ಹಾರ್ನ್ ಒಂದು ರಾಗ ಎತ್ತುತ್ತದೆ. ಅದು ಓಬೋ ಎಂಬ ಊದುವ ವಾದ್ಯದ ಉದ್ದನೆಯ ರೂಪ. ಗ ಪ ಪ, ಗ ರಿ ಸ. ನಮ್ಮ ಮೋಹನದ ಸ್ವರಗಳೇ! ಗಮಕ ಇಲ್ಲ, ನೇರ ನೇರ ಸ್ವರ, ಆದರೂ ಮನೆಯವರ ದನಿ ಕೇಳಿದ ಹಾಗಾಗುತ್ತದೆ. ನಾನು ಬಾಲ್ಯದಲ್ಲಿ ನಾಲ್ಕು ವರ್ಷ ಸಂಗೀತದ ಪಾಠಕ್ಕೆ ಹೋಗಿ ಬಿಟ್ಟವಳು. ಅವತ್ತು ಮಾತ್ರ ಗಂಟಲು ಕಟ್ಟಿತು.

ಹೋಗುವ ವಾರದಲ್ಲಿ ಆ ಕೃತಿಯನ್ನು ಮೂರು ಸಲ ಕೇಳಿ. ಓದಿಕೊಂಡು ಹೋಗುವುದಕ್ಕಿಂತ ಇದು ಜಾಸ್ತಿ ಉಪಯೋಗ. ಮೊದಲನೇ ಸಲ ಪಾತ್ರೆ ತೊಳೆಯುತ್ತಾ ಕೇಳಿದರೂ ಸಾಕು. ಎರಡನೇ ಸಲ ಎಷ್ಟು ಭಾಗ ಇದೆ, ಒಂದೊಂದೂ ಹೇಗೆ ಮುಗಿಯುತ್ತದೆ ಅಂತ ಗಮನಿಸಿ. ಮೂರನೇ ಸಲ ಒಂದೇ ವಾದ್ಯವನ್ನು ಹಿಡಿದುಕೊಂಡು ಹಿಂಬಾಲಿಸಿ. ಹೀಗೆ ಮಾಡಿದರೆ ಹಾಲಿನಲ್ಲಿ ಗುರುತಿನವರು ಎದುರು ಬಂದ ಹಾಗೆ ಒಂದೊಂದೇ ಸಾಲು ಬರುತ್ತದೆ.

ಸೀಟಿನ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಫೆಸ್ಟಿವಲ್ ಹಾಲಿನಲ್ಲಿ ವೇದಿಕೆಯ ಹಿಂದೆ ಕೋರಸ್‌ನವರು ಕೂರುವ ಸಾಲುಗಳಿವೆ. ಕೋರಸ್ ಇಲ್ಲದ ದಿನ ಅವನ್ನು ನಮಗೆ ಮಾರುತ್ತಾರೆ, ಬೆಲೆಯೂ ಕಡಿಮೆ. ಅಲ್ಲಿ ಕೂತರೆ ಕಂಡಕ್ಟರ್ ಮುಖ ಕಾಣುತ್ತದೆ. ಹುಬ್ಬು ಎತ್ತುವುದು, ಪಿಟೀಲಿನವರನ್ನು ಕಣ್ಣಲ್ಲೇ ಗದರುವುದು ಎಲ್ಲ. ಡ್ವೊರಾಕ್‌ನ ಆ ಸಿಂಫನಿಯಲ್ಲಿ ಸಿಂಬಲ್, ಅಂದರೆ ದೊಡ್ಡ ಕಂಚಿನ ತಾಳ, ಪೂರ್ತಿ ನಲವತ್ತು ನಿಮಿಷಕ್ಕೆ ಒಂದೇ ಒಂದು ಏಟು. ಅದೂ ಕೊನೆಯ ಭಾಗದಲ್ಲಿ, ಮೆಲ್ಲಗೆ. ಮುಂದೆ ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. ನನ್ನ ಕಾಲ ಬುಡದಲ್ಲೇ ಒಬ್ಬರು ಎದ್ದು, ಒಮ್ಮೆ ಸೋಕಿಸಿ, ಮತ್ತೆ ಇಟ್ಟು ಕೂತರು. ಎಷ್ಟು ಹೊತ್ತು ಕಾದು ಎಷ್ಟು ಚಿಕ್ಕ ಕೆಲಸ! ಆದರೆ ಹಾಡುಗಾರರು ಇರುವ ದಿನ ಹಿಂದೆ ಕೂರಬೇಡಿ, ದನಿ ಆ ಕಡೆಗೆ ಹೋಗುತ್ತದೆ. ಪಿಯಾನೋ ಇದ್ದರೂ ಬೇಡ, ಅದರ ಮುಚ್ಚಳ ಜನರ ಕಡೆಗೇ ತೆರೆಯುವುದು. ಪಿಯಾನೋದವರ ಬೆರಳು ಕಾಣಬೇಕಾದರೆ ಹಾಲಿನ ಎಡಗಡೆ ಸೀಟು ಹಿಡಿಯಿರಿ.

ಇನ್ನು ಚಪ್ಪಾಳೆ. ಭಾಗ ಭಾಗಗಳ ನಡುವೆ ಇಲ್ಲಿ ತಟ್ಟುವುದಿಲ್ಲ, ಕೆಮ್ಮುತ್ತಾರೆ ಅಷ್ಟೇ. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ಕನ್ಸರ್ಟೋಗೆ ಮೂರು. ನಾನು ಬೆರಳಲ್ಲಿ ಎಣಿಸುತ್ತೇನೆ. ಎಣಿಸಿದರೂ ಚೈಕಾವ್‌ಸ್ಕಿಯ ಆರನೇ ಸಿಂಫನಿಯಲ್ಲಿ ಮೋಸ ಹೋದೆ. ಮೂರನೇ ಭಾಗ ದಸರಾ ಮೆರವಣಿಗೆ ಥರ ಧಾಂಧೂಂ ಅಂತ ಮುಗಿಯಿತು. ಎದ್ದು ತಟ್ಟಿಯೇ ಬಿಟ್ಟೆ. ಆಮೇಲೆ ಬಂತು ನಿಜವಾದ ಕೊನೆ, ಅಳುತ್ತಾ ಅಳುತ್ತಾ ಇಲ್ಲವಾಗುವ ಭಾಗ. ಸಿಬೇಲಿಯಸ್‌ನ ಐದನೆಯದೂ ಹಾಗೇ ತಂಟೆ. ಕೊನೆಗೆ ಆರು ಏಟು, ನಡುನಡುವೆ ಮೌನ. ಒಂದೇ ಉಪಾಯ, ಕಂಡಕ್ಟರ್ ಕೈ ಪೂರ್ತಿ ಕೆಳಗಿಳಿಯುವವರೆಗೆ ಸುಮ್ನೆ ಕೂತಿರಿ.

ಅಮ್ಮ ಬಂದಿದ್ದಾಗ ಬೀಥೋವನ್‌ನ ಏಳನೆಯದಕ್ಕೆ ಕರೆದುಕೊಂಡು ಹೋಗಿದ್ದೆ. ಓಬೋದವರು ಒಂದು ಸ್ವರ ಹಿಡಿದರು, ಎಲ್ಲರೂ ಅದಕ್ಕೆ ಶ್ರುತಿ ಸೇರಿಸಿಕೊಂಡರು. ಅಲ್ಲಿವರೆಗೂ ಅಮ್ಮನಿಗೆ ಎಲ್ಲ ಸರಿಯಾಗಿತ್ತು. ಆಮೇಲೆ ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. "ಷಡ್ಜ ಎಲ್ಲಿ ಹೋಯ್ತೇ?" ಅಂತ ಕಿವಿಯಲ್ಲಿ ಕೇಳಿದಳು. ಹುಡುಕಬಾರದು, ಇವರ ಸಂಗೀತದಲ್ಲಿ ಅದು ಊರೂರು ತಿರುಗಿ ಮನೆಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ತೊಡೆ ಮೇಲೆ ತಾಳ ಶುರುವಾಯಿತು, ಗಾಜಿನ ಬಳೆ ಸಮೇತ. ಪಕ್ಕದವರು ಒಮ್ಮೆ ತಿರುಗಿದರು. ಸೀರೆ ಉಡಿ, ಜೀನ್ಸ್ ಹಾಕಿ, ಯಾರೂ ಏನೂ ಅನ್ನುವುದಿಲ್ಲ. ಬಳೆ ಮಾತ್ರ ಪರ್ಸಿಗೆ ಹೋಗಲಿ. ಕೆಮ್ಮಿನ ಗುಳಿಗೆಯ ಕಾಗದವನ್ನೂ ಮೊದಲೇ ಬಿಚ್ಚಿಟ್ಟುಕೊಳ್ಳಿ. ತಡವಾಗಿ ಹೋದರೆ ಸರಿಯಾದ ಬಿಡುವು ಸಿಗುವವರೆಗೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಒಂದು ಸಂಜೆಯನ್ನು ಹಾಡುಗಾರಿಕೆಗೆ ಇಡಿ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಪಟ್ಟಿಯಲ್ಲಿ ಕಂಡರೆ ಮೈಸೂರಿನವರು ಬಿಡಲೇಬಾರದು. 1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ ಇವನ್ನು ಮೊದಲು ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ನುಡಿಸಿದ್ದು ಇದೇ ಫಿಲ್ಹಾರ್ಮೋನಿಯಾ, ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರಿನ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರ್! ತಮ್ಮ ಸಂಗ್ರಹಕ್ಕೆ ಅದರ ರೆಕಾರ್ಡಿಂಗ್ ಬೇಕು ಅಂತ ಕೇಳಿದ್ದರು. ಈ ಆರ್ಕೆಸ್ಟ್ರಾದ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಅವರೇ. ರಷ್ಯದ ಸಂಗೀತ ರಚನೆಕಾರ ಮೆಡ್ಟ್ನರ್ ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ಅವರಿಗೇ ಅರ್ಪಿಸಿದ್ದ. ಇದು ಗೊತ್ತಾದ ಮೇಲೆಯೇ ನಾನು ಫಿಲ್ಹಾರ್ಮೋನಿಯಾವನ್ನು ಹಿಡಿದುಕೊಂಡದ್ದು. ಊರಿನ ಅಭಿಮಾನ ಅನ್ನಿ ಬೇಕಾದರೆ. ಕೊನೆಯ ಹಾಡಿನಲ್ಲಿ ಎರಡು ಕೊಳಲು ಹಕ್ಕಿಗಳ ಹಾಗೆ ಉಲಿಯುತ್ತವೆ. ಆಗ ಅರಮನೆಯಲ್ಲಿ ಗ್ರಾಮಫೋನಿನ ಮುಂದೆ ಕೂತ ಮಹಾರಾಜರು ನೆನಪಾಗುತ್ತಾರೆ.

ಉಳಿದ ಸಂಜೆಗಳಲ್ಲಿ ಒಂದು ಪಿಟೀಲು ಕನ್ಸರ್ಟೋ ಇರಲಿ. ಕೂತು ಕಾಲಿನ ಮೇಲೆ ಒರಗಿಸುವ ವಾದ್ಯವನ್ನು ಇವರು ನಿಂತು ಗಲ್ಲಕ್ಕೆ ಒತ್ತಿ ನುಡಿಸುವುದನ್ನು ಹತ್ತಿರದಿಂದ ನೋಡಬೇಕು. ಇನ್ನೊಂದು ನೀವು ಹೆಸರೇ ಕೇಳದ ಈ ಕಾಲದ ಕೃತಿ. ನನಗೆ ಅಂಥವು ಅರ್ಧಕ್ಕರ್ಧ ಹಿಡಿಸುವುದಿಲ್ಲ. ಪರವಾಗಿಲ್ಲ, ಹತ್ತು ಹದಿನೈದು ನಿಮಿಷದ ಮಾತು.

ಭಾನುವಾರ ಮಧ್ಯಾಹ್ನದ ಕಛೇರಿ ಸಿಕ್ಕರೆ ಬೆಳಿಗ್ಗೆಯೇ ಹೊರಡಿ. ಲ್ಯಾಂಬೆತ್ ಕಡೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಮೂರ್ತಿ ಇದೆ, 2015ರಲ್ಲಿ ಇಟ್ಟದ್ದು. ಅಲ್ಲಿ ಕೈ ಮುಗಿದು ನದಿ ಪಕ್ಕದಲ್ಲೇ ನಡೆದರೆ ಅರ್ಧ ಗಂಟೆಗೆಲ್ಲ ಫೆಸ್ಟಿವಲ್ ಹಾಲ್. ಒಳಗೆ ಗಾಜಿನ ಲಿಫ್ಟ್ ಹುಡುಕಿ. ಅದು ಮೇಲೆ ಹೋಗುವಾಗ ಗಾಯಕರ ರೆಕಾರ್ಡಿಂಗ್ ಆರೋಹಣ ಹಾಡುತ್ತದೆ, ಇಳಿಯುವಾಗ ಅವರೋಹಣ. ಅಮ್ಮ ಮೂರು ಸಲ ಹತ್ತಿ ಇಳಿದಳು. ಅದಕ್ಕೆ ಟಿಕೆಟ್ ಬೇಡ.