ಟರ್ನೋವರ್ ಬಿಟ್ಟು ಕಿರ್ದಿಯಲ್ಲಿ ಇನ್ನೇನು ಬರೆಯಬೇಕು?

ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಪರಿಚಯದವರು ಯಾರೇ ಸಿಗಲಿ, ಕೇಳುವುದು ಒಂದೇ: ಈ ವರ್ಷ ಟರ್ನೋವರ್, ಅಂದರೆ ಒಟ್ಟು ವಹಿವಾಟು, ಎಷ್ಟು? ಕೈಯಲ್ಲಿ ಉಳಿದದ್ದೆಷ್ಟು ಅಂತ ಯಾರೂ ಕೇಳುವುದಿಲ್ಲ. ಸಣ್ಣ ಕಾರ್ಖಾನೆ ನಡೆಸುವ ನೀವಾದರೂ ಕೇಳಿಕೊಳ್ಳಿ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಹೊಸ ಕಿರ್ದಿ (ಲೆಕ್ಕದ ಪುಸ್ತಕ) ತರುತ್ತೀರಲ್ಲ, ಅದರ ಕೊನೇ ನಾಲ್ಕು ಹಾಳೆ ಇದಕ್ಕೇ ಇಡಿ.

ಮೊದಲು ‘ಸಾಕು’ ಅನ್ನುವ ಅಂಕಿ ಬರೆಯಿರಿ. ಮನೆ ಖರ್ಚು, ಸಾಲದ ಕಂತು, ಸಂಬಳ, ಮಷಿನ್ ರಿಪೇರಿ ಎಲ್ಲಾ ಸೇರಿ ತಿಂಗಳಿಗೆ ಎಷ್ಟು ಬೇಕು? ಇದು ಗೊತ್ತಿಲ್ಲದಿದ್ದರೆ ಎಷ್ಟು ಬಂದರೂ ಸಾಲದು ಅನಿಸಿ ಸಾಲ ಮಾಡಿ ಇನ್ನೊಂದು ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ) ಮಷಿನ್ ತರುತ್ತೇವೆ, ಆಮೇಲೆ ಅದು ಸುಮ್ನೆ ನಿಲ್ಲಬಾರದು ಅಂತ ಸಿಕ್ಕ ರೇಟಿಗೆ ಜಾಬ್ ವರ್ಕ್, ಅಂದರೆ ಬೇರೆಯವರ ಮಾಲಿಗೆ ಕೂಲಿ ಕೆಲಸ, ಹಿಡಿಯುತ್ತೇವೆ.

ಆಮೇಲೆ ಪಾರ್ಟಿಗಳ, ಅಂದರೆ ನಿಮಗೆ ಕೆಲಸ ಕೊಡುವ ಗಿರಾಕಿಗಳ, ಹೆಸರು. ಒಬ್ಬೊಬ್ಬರ ಮುಂದೆ ಎರಡು ಅಂಕಿ ಬರೆಯಿರಿ: ನಿಮ್ಮ ವ್ಯಾಪಾರದಲ್ಲಿ ಅವರ ಪಾಲು, ಬಿಲ್ ಕಳಿಸಿದ ಎಷ್ಟು ದಿನಕ್ಕೆ ದುಡ್ಡು ಬರುತ್ತದೆ. ವರ್ಷದ ಕೋಟಿ ವಹಿವಾಟಿನಲ್ಲಿ 70 ಲಕ್ಷ ಒಂದೇ ಕಂಪನಿಯದು, ಅವರು ಕೊಡುವುದು 90 ದಿನಕ್ಕೆ ಅಂದುಕೊಳ್ಳಿ. ಯಾವಾಗ ನೋಡಿದರೂ ಸುಮಾರು 17 ಲಕ್ಷ ಅವರ ಹತ್ತಿರವೇ ಇರುತ್ತದೆ, ಬ್ಯಾಂಕಿಗೆ ಬಡ್ಡಿ ಕಟ್ಟುವವರು ಮಾತ್ರ ನೀವು. ವಹಿವಾಟು ಡಬಲ್ ಆದರೆ ಇದೂ ಡಬಲ್. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಇರುವ ಸಣ್ಣ ಕಾರ್ಖಾನೆಗೆ ಒಪ್ಪಂದದಲ್ಲಿ ಏನೇ ಬರೆದಿರಲಿ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಬಡ್ಡಿಯನ್ನೂ ಕೊಡಬೇಕು ಅಂತ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಆದರೆ ಇರುವ ಒಬ್ಬ ದೊಡ್ಡ ಪಾರ್ಟಿಗೆ ಕಾಯ್ದೆ ತೋರಿಸುವ ಧೈರ್ಯ ಯಾರಿಗೆ ಬರುತ್ತದೆ ಹೇಳಿ? ಅದಕ್ಕೇ ಐದು ವರ್ಷದ ಗುರಿ ಹೀಗಿರಲಿ: ಯಾರ ಪಾಲೂ ಮೂರನೇ ಒಂದಕ್ಕಿಂತ ಜಾಸ್ತಿ ಇರಬಾರದು. ನನ್ನ ಮಟ್ಟಿಗೆ ಟರ್ನೋವರ್ ಡಬಲ್ ಮಾಡುವುದಕ್ಕಿಂತ ಇದು ಕಷ್ಟದ ಗುರಿ.

ಮುಂದಿನದು ಸುಲಭ. ಒಂದು ವಾರ ಊರು ಬಿಟ್ಟು ಹೋಗಿ. ಕಾರ್ಖಾನೆಯಿಂದ ಯಾತಕ್ಕೆಲ್ಲ ಫೋನ್ ಬಂತು, ಬರೆದಿಡಿ. ರೇಟ್ ಹೇಳುವುದಕ್ಕೋ, ಚೆಕ್ಕಿನ ಸಹಿಗೋ, ಡ್ರಾಯಿಂಗ್ ಅರ್ಥವಾಗದೆಯೋ? ಯಾರಿಗೆ ಏನು ಕಲಿಸಬೇಕು ಅನ್ನುವುದು ಅಲ್ಲೇ ಸಿಗುತ್ತದೆ.

ಏನನ್ನು ಬಿಡುವುದಿಲ್ಲ ಅನ್ನುವುದಕ್ಕೂ ಒಂದು ಸಾಲು ಬೇಕು. ಇಳಕಲ್ಲಿನ ಕೈಮಗ್ಗದ ಸೀರೆ ನೋಡಿ. ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಅದನ್ನು ಬಿಟ್ಟರೆ ಸೀರೆ ಮಗ್ಗದಿಂದ ಬೇಗ ಇಳಿಯುತ್ತದೆ, ಆದರೆ ಬಲ್ಲವರು ಸೀರೆ ತಿರುಗಿಸಿ ಮೊದಲು ನೋಡುವುದು ಆ ಕೊಂಡಿಯನ್ನೇ. ನಿಮ್ಮ ಮಾಲಿನಲ್ಲಿ ಜನ ಹಾಗೆ ನೋಡುವುದು ಏನನ್ನು?

ಎಲ್ಲಾ ಬರೆದಾದ ಮೇಲೆ ಮಕ್ಕಳಿಗೆ ಓದಿ ಹೇಳಿ. ಅವರಿಗೆ ಈ ಧಂದೆ ಬೇಡವಾದರೆ ಅದನ್ನೂ ಈಗಲೇ ಬರೆಯಿರಿ. ಆಗ ಹತ್ತು ವರ್ಷದ ಲೆಕ್ಕವೇ ಬೇರೆ: ಹಳೇ ಫೋರ್‌ಮನ್‌ಗೆ ಪಾಲು ಕೊಡುವುದೋ, ಒಳ್ಳೇ ರೇಟ್ ಇರುವಾಗಲೇ ಮಾರುವುದೋ.