ಹಳೆಯ ಕಾರಿನೊಳಗಿನ ಸಿಗರೇಟು ಜಿಡ್ಡನ್ನು ತೆಗೆಯುವ ಕ್ರಮ

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಕಾಸರಗೋಡಿಗೆ ಕೊಂಡು ತಂದ ಹಳೆಯ ಕಾರಿನಲ್ಲಿ ಸಿಗರೇಟಿನ ವಾಸನೆಯಿದ್ದರೆ, ಕನ್ನಡಿಗೆ ತೂಗುಹಾಕುವ ಸುಗಂಧದ ಸೀಸೆ ಅದನ್ನು ಮರೆಮಾಚೀತೇ ಹೊರತು ತೆಗೆಯದು. ಟಾರು ಮತ್ತು ನಿಕೋಟಿನ್ ಸೇರಿದ ಜಿಡ್ಡು ಗಾಜು, ಡ್ಯಾಶ್‌ಬೋರ್ಡ್, ಸೀಟುಗಳಿಗೆ ಅಂಟಿಕೊಂಡಿರುವವರೆಗೆ ವಾಸನೆ ಮರಳುತ್ತಲೇ ಇರುತ್ತದೆ. ನಮ್ಮ ಮಳೆಗಾಲದಲ್ಲಿ ತೊಳೆದ ಸೀಟು ಒಣಗದೆ ಬೂಷ್ಟು ಹಿಡಿಯುವುದರಿಂದ, ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲಿಗೆ ಇಟ್ಟುಕೊಳ್ಳುವುದು ಲೇಸು.

ಮೊದಲು ಗಾಜು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಳಮೈಯನ್ನು ಒರೆಸಿದರೆ, ಬಿಳಿ ಬಟ್ಟೆಯ ಮೇಲೆ ಚಹಾದ ಕಲೆಯಂತಹ ಕಂದು ಬಣ್ಣ ಇಳಿಯುತ್ತದೆ. ಆ ಬಣ್ಣ ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಬೇಕು. ಪ್ಲಾಸ್ಟಿಕ್ ಭಾಗಗಳಿಗೆ ಪಾತ್ರೆ ತೊಳೆಯುವ ಸಾಬೂನಿನ ಬಿಸಿನೀರು ಸಾಕು. ವಿನೆಗರನ್ನು ಬ್ಲೀಚಿನೊಂದಿಗೆ ಎಂದೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ.

ಹೊಗೆ ಮೇಲಕ್ಕೇರುವುದರಿಂದ ಜಿಡ್ಡು ಹೆಚ್ಚಾಗಿ ಕೂರುವುದು ಮಾಡಿನ ಒಳಬಟ್ಟೆಯಲ್ಲಿ, ಕೆಲಸ ಕೆಡುವುದೂ ಅಲ್ಲಿಯೇ. ಆ ಬಟ್ಟೆಯನ್ನು ಅಂಟಿನಿಂದ ಕೂರಿಸಿರುತ್ತಾರಾದ್ದರಿಂದ, ನೀರು ಕುಡಿದರೆ ಅಥವಾ ಬ್ರಷ್ಷಿನಿಂದ ಉಜ್ಜಿದರೆ ಅಂಟು ಬಿಟ್ಟು ತಲೆಯ ಮೇಲೆ ಜೋತು ಬೀಳುತ್ತದೆ. ವಿನೆಗರ್ ದ್ರಾವಣವನ್ನು ಮಾಡಿಗೆ ಸಿಂಪಡಿಸದೆ, ಕೈಬಟ್ಟೆಗೆ ಹಾಕಿ ಹಿಂಡಿ, ಅಂಗೈಯಗಲದಷ್ಟೇ ಜಾಗವನ್ನು ಒತ್ತಿ ಒತ್ತಿ ಒರೆಸಬೇಕು. ಸೀಟ್ ಬೆಲ್ಟನ್ನು ಹೆಚ್ಚಿನವರು ಮರೆಯುತ್ತಾರೆ. ಅದನ್ನು ಕೊನೆಯವರೆಗೆ ಎಳೆದು, ಹಿಂದೆ ಸರಿಯದಂತೆ ಕ್ಲಿಪ್ ಹಾಕಿ, ಸಾಬೂನು ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಒಳಕ್ಕೆ ಬಿಡಬೇಕು. ಬಟ್ಟೆಯ ಸೀಟು ಮತ್ತು ಕಾರ್ಪೆಟ್ಟಿಗೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಬಹುದು.

ಇಷ್ಟಾದ ಮೇಲೂ ಏಸಿ ಹಾಕಿದೊಡನೆ ವಾಸನೆ ಹೊಡೆದರೆ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟು ಸೇದಿದ ಹೊಗೆ ಕೂಲಿಂಗ್ ಕಾಯಿಲ್‌ವರೆಗೂ ಹೋಗಿದೆ ಎಂದರ್ಥ. ಕಾಯಿಲನ್ನು ಫೋಮ್ ಕ್ಲೀನರ್‌ನಿಂದ ತೊಳೆಸಿ, ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಇರುವ, ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರನ್ನು ಕೊನೆಗೆ ಹೊಸದಾಗಿ ಹಾಕಬೇಕು. ತೆಂಗಿನ ಗೆರಟೆಯಿಂದ, ವಾಸನೆ ಹೀರುವ ಆಕ್ಟಿವೇಟೆಡ್ ಕಾರ್ಬನ್ ತಯಾರಾಗುತ್ತದೆಂದು ಒಲೆಯ ಇದ್ದಲನ್ನೇ ಕಾರಿನಲ್ಲಿಡುವವರಿದ್ದಾರೆ. ಅದು ಅಷ್ಟು ವಾಸನೆ ಹೀರದು. ವಾಸನೆ ಕಳೆಯಲು ಓಝೋನ್ ಅನಿಲ ಬಿಡುವ ಯಂತ್ರ ಬಳಸುವುದಾದರೆ ಒಳಗೆ ಯಾರೂ ಇರಬಾರದು, ಬಳಿಕ ಬಾಗಿಲು ತೆರೆದಿಡಬೇಕು. ಅತಿಯಾದರೆ ರಬ್ಬರ್ ಬಿರಿಯುತ್ತದೆ.

ಕಾರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿಟ್ಟು ಬಾಗಿಲು ತೆರೆದು ಮೂಸಿ ನೋಡಿದಾಗ ವಾಸನೆ ಉಳಿದಿದ್ದರೆ, ಅದು ಕಾರ್ಪೆಟ್ಟಿನ ಅಡಿಯ ಪದರದಲ್ಲಿರಬಹುದು. ಅದಕ್ಕಾಗಿ ಸೀಟು ಕಳಚಬೇಕಾಗುತ್ತದೆ. ಸೀಟಿನಡಿ ಏರ್‌ಬ್ಯಾಗಿನ ವಯರುಗಳಿರುವ ಕಾರಾದರೆ ಅದನ್ನು ವರ್ಕ್‌ಶಾಪಿನವರಿಂದಲೇ ಮಾಡಿಸಬೇಕು.